ಮುಳ್ಳಿಗೆ ಮೋಜು, ಸವಾರನಿಗೆ ಗೋಳು!

ನೀಲಗುಂದ: ಹರಪನಹಳ್ಳಿ ತಾಲ್ಲೂಕು 2021ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರಕ್ಕೆ ಸೇರಿತು. ಬಳ್ಳಾರಿ ಜಾಲಿ ಮಾತ್ರ ಊರು ಬಿಟ್ಟಿಲ್ಲ! ಪೆಟ್ರೋಲ್ ಖರ್ಚು ಉಳೀತು ಅಂತ ಕರೆಂಟ್ ಸ್ಕೂಟರ್ ಕೊಂಡವರಿಗೆ ಅದರ ಮುಳ್ಳೇ ತಲೆನೋವು.

ಹಿಂದಿನ ಗಾಲಿಯಲ್ಲೇ ಮೋಟಾರ್ ಇದ್ದರೆ, ವೈರು ಬಿಚ್ಚದೆ ಗಾಲಿ ಈಚೆ ಬಾರದು. ಟ್ಯೂಬ್ ಟಯರಾದರಂತೂ ಅರ್ಧ ದಿನದ ಕೂಲಿ ಹೋದಂತೆಯೇ.

ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ ಗಾಳಿ ನೋಡಿ. ಗಾಳಿ ಕಮ್ಮಿಯಾದರೆ ಟಯರೂ ಸವೆಯುತ್ತದೆ, ಚಾರ್ಜೂ ಬೇಗ ಇಳಿಯುತ್ತದೆ. ರಾತ್ರಿ ಗಾಲಿ ತಿರುಗಿಸಿ, ಮೇಲೆ ಮೇಲೆ ಚುಚ್ಚಿದ ಮುಳ್ಳು ಕಿತ್ತುಬಿಡಿ. ಟ್ಯೂಬ್‌ಲೆಸ್ ಟಯರಿಗೆ ಆಳಕ್ಕೆ ಇಳಿದಿದ್ದರೆ ದಾರೀಲಿ ಕೀಳಬೇಡಿ. ನಿಧಾನಕ್ಕೆ ಪಂಕ್ಚರ್ ಅಂಗಡಿ ಸೇರಿ.

ಜಾಲಿ ಕಡಿದು ರಸ್ತೆಗೆ ಎಸೆಯೋ ಮಹನೀಯರೇ, ನಾಳೆ ಅದೇ ದಾರೀಲಿ ನಿಮ್ಮ ಮಗನ ಗಾಡಿಯೂ ಬರುತ್ತೆ!