ಹತ್ತಿದ ಹಡಗನ್ನೇ ಮತ್ತೆ ಹತ್ತುವವರು

ಸಮುದ್ರಕ್ಕೂ ಬಳ್ಳಾರಿಗೂ ನಂಟಿಲ್ಲ. ಅತ್ತ ಅರಬ್ಬಿ ಸಮುದ್ರ, ಇತ್ತ ಬಂಗಾಳ ಕೊಲ್ಲಿ, ಎರಡರಿಂದಲೂ ನೂರಾರು ಕಿಲೊಮೀಟರ್ ದೂರದಲ್ಲಿ ಬಂಡೆಗುಡ್ಡಗಳ ನಡುವೆ ಕಾಯುವ ಊರು ಇದು. ಆದರೂ ವಿಹಾರ ನೌಕೆಗಳ ಲೋಕದಲ್ಲಿ ಕಾಣುವ ಒಂದು ವಿಚಿತ್ರ ನಡವಳಿಕೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಜನರಿಗೆ ಅಪರಿಚಿತವೇನಲ್ಲ. ಜಗತ್ತನ್ನು ನೋಡಲು ಹಣವೂ ಬಿಡುವೂ ಇರುವ ಮನುಷ್ಯ, ಆಯ್ಕೆಗೆ ಹತ್ತಾರು ಹೊಸ ಹಡಗುಗಳು ಸಿದ್ಧವಿದ್ದರೂ, ಹಿಂದೆ ಹತ್ತಿದ ಹಡಗನ್ನೇ ಹುಡುಕಿಕೊಂಡು ಮತ್ತೆ ಮತ್ತೆ ಬರುತ್ತಾನೆ. ಏಕೆ?

ಬ್ರಿಟನ್ನಿನ ಕ್ಯುನಾರ್ಡ್ ಸಂಸ್ಥೆಯ ‘ಕ್ವೀನ್ ಎಲಿಜಬೆತ್ 2’ ಇದಕ್ಕೊಂದು ಪ್ರಸಿದ್ಧ ನಿದರ್ಶನ. 1969ರಲ್ಲಿ ಯಾನ ಆರಂಭಿಸಿದ ಈ ಹಡಗಿಗೆ ಮರಳಿ ಬರುವವರ ದೊಡ್ಡ ಬಳಗವೇ ಇತ್ತು. ಬಿಯಾಟ್ರಿಸ್ ಮುಲ್ಲರ್ ಎಂಬ ಅಮೆರಿಕದ ವೃದ್ಧೆಯಂತೂ ಪತಿಯ ನಿಧನದ ನಂತರ ಅದನ್ನೇ ಮನೆ ಮಾಡಿಕೊಂಡು, 2008ರಲ್ಲಿ ಹಡಗು ನಿವೃತ್ತವಾಗುವವರೆಗೂ ಹಲವು ವರ್ಷ ಅಲ್ಲಿಯೇ ವಾಸವಾಗಿದ್ದರು. ಬಂದರುಗಳು ಬದಲಾಗುತ್ತಿದ್ದವು, ಸಹಪ್ರಯಾಣಿಕರು ಬದಲಾಗುತ್ತಿದ್ದರು. ಕೋಣೆ ಮಾತ್ರ ಅದೇ, ಊಟದ ಮೇಜು ಅದೇ.

ಹಡಗು ಕಂಪನಿಗಳಿಗೆ ಈ ಒಲವಿನ ಬೆಲೆ ಚೆನ್ನಾಗಿ ಗೊತ್ತು. ರಾಯಲ್ ಕೆರಿಬಿಯನ್ ಸಂಸ್ಥೆಯ ‘ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿ’ ಪ್ರಯಾಣಿಕರು ಹಡಗಿನಲ್ಲಿ ಕಳೆದ ರಾತ್ರಿಗಳನ್ನು ಎಣಿಸಿ ಅಂಕ ಕೊಡುತ್ತದೆ. ಚಿನ್ನ, ಪ್ಲಾಟಿನಂ, ಪಚ್ಚೆ, ವಜ್ರ ಎಂದು ದರ್ಜೆಗಳು ಏರುತ್ತ ಹೋಗುತ್ತವೆ. 700 ಅಂಕ ಗಳಿಸಿದವರಿಗೆ ‘ಪಿನಾಕಲ್’ ಎಂಬ ತುತ್ತತುದಿಯ ಪಟ್ಟ. ಆದರೆ ಈ ಅಂಕಗಳು ಆ ಕಂಪನಿಯ ಯಾವ ಹಡಗಿನಲ್ಲಿ ಹೋದರೂ ದೊರೆಯುತ್ತವೆ. ಹೀಗಿರುವಾಗ ನಿರ್ದಿಷ್ಟವಾದ ಒಂದೇ ಹಡಗಿನ ಮೇಲೆ ಹುಟ್ಟುವ ಮೋಹಕ್ಕೆ ರಿಯಾಯಿತಿ ಕಾರಣವಾಗಲಾರದು. 2022ರ ಆರಂಭದಲ್ಲಿ ಕ್ರಿಸ್ಟಲ್ ಕ್ರೂಸಸ್ ಸಂಸ್ಥೆ ವ್ಯವಹಾರ ನಿಲ್ಲಿಸಿದಾಗ ನಡೆದದ್ದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಅದರ ‘ಸೆರೆನಿಟಿ’ ಮತ್ತು ‘ಸಿಂಫನಿ’ ಹಡಗುಗಳನ್ನು ಕೊಂಡ ಹೊಸ ಒಡೆಯರು ಒಳಾಂಗಣವನ್ನು ಮಾರ್ಪಡಿಸಿ 2023ರಲ್ಲಿ ಮತ್ತೆ ನೀರಿಗಿಳಿಸಿದರು. ಆದರೆ ಹೆಸರುಗಳನ್ನು ಬದಲಿಸಲಿಲ್ಲ. ಹಳೆಯ ಸಿಬ್ಬಂದಿಯಲ್ಲಿ ಬಹಳಷ್ಟು ಮಂದಿಯನ್ನು ಹುಡುಕಿ ಮರಳಿ ಕರೆತಂದರು. ಕೊಂಡದ್ದು ಬರಿಯ ಉಕ್ಕಿನ ಒಡಲನ್ನಲ್ಲ ಎಂಬುದನ್ನು ವ್ಯಾಪಾರಿ ಬುದ್ಧಿಯೇ ಅವರಿಗೆ ಹೇಳಿಕೊಟ್ಟಿತ್ತು.

ಮರಳಿ ಬರುವವನಿಗೆ ಸಿಗುವುದಾದರೂ ಏನು? ಮೊದಲನೆಯದು, ನಿರ್ಧಾರಗಳ ಹೊರೆಯಿಂದ ಬಿಡುಗಡೆ. ಮೆಟ್ಟಿಲು ಎಲ್ಲಿ, ಗಾಳಿ ಯಾವ ಕಡೆಯಿಂದ, ಯಾವ ಮೂಲೆಯಲ್ಲಿ ಗದ್ದಲವಿಲ್ಲ ಎಂಬುದನ್ನು ಅವನು ಮತ್ತೆ ಕಲಿಯಬೇಕಾಗಿಲ್ಲ. ಎರಡನೆಯದು, ಗುರುತು. ಮನೆಯಲ್ಲಿ ನಿವೃತ್ತ, ನಗರದಲ್ಲಿ ಅನಾಮಿಕನಾದ ವ್ಯಕ್ತಿಯನ್ನು ಅಲ್ಲಿ ಹೆಸರು ಹಿಡಿದು ಕರೆಯುವವರಿದ್ದಾರೆ. ಮೂರನೆಯದು, ತನ್ನಂತೆಯೇ ಮರಳಿ ಬರುವ ಇತರರ ಸಂಗ. ನಾಲ್ಕನೆಯದು ಹೆಚ್ಚು ಸೂಕ್ಷ್ಮವಾದದ್ದು: ತಾನು ಬದಲಾಗಿರುವುದನ್ನು ಅಳೆದುಕೊಳ್ಳಲು ಬದಲಾಗದ ಒಂದು ವಸ್ತು ಮನುಷ್ಯನಿಗೆ ಬೇಕಾಗುತ್ತದೆ. ಹಳೆಯ ಹಡಗು ಆ ಅಳತೆಗೋಲು.

ಬಳ್ಳಾರಿಗೆ ಹಡಗಿಲ್ಲದಿದ್ದರೇನು, ಹಂಪಿ ಎಕ್ಸ್‌ಪ್ರೆಸ್ ಇದೆ. ಹುಬ್ಬಳ್ಳಿಯಿಂದ ಹೊರಟು ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ, ಗುಂತಕಲ್, ಅನಂತಪುರ, ಧರ್ಮಾವರ, ಹಿಂದೂಪುರಗಳ ಮೂಲಕ ಆಂಧ್ರವನ್ನು ಬಳಸಿ ಬೆಂಗಳೂರಿಗೂ, ಅಲ್ಲಿಂದ ಮೈಸೂರಿಗೂ ಹೋಗುವ ಈ ರಾತ್ರಿ ರೈಲು ಬಳ್ಳಾರಿಯವರ ಬಾಯಲ್ಲಿ ಬರಿಯ ‘ಹಂಪಿ’. ‘ಹಂಪಿಗೆ ಬರ್ತೀನಿ’ ಎಂದರೆ ವಿರೂಪಾಕ್ಷನ ದರ್ಶನಕ್ಕೆ ಎಂದು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಸಚಿವಾಲಯಕ್ಕೆ ಕಡತ ಹಿಡಿದು ಹೋಗುವ ನೌಕರ, ಜೀನ್ಸ್ ಉಡುಪಿನ ವ್ಯಾಪಾರಿ, ಉಚ್ಚ ನ್ಯಾಯಾಲಯದ ಕಕ್ಷಿದಾರ, ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಹೊರಟ ರೋಗಿ, ಎಂಜಿನಿಯರಿಂಗ್ ಓದುವ ಮಗಳಿಗೆ ಚಟ್ನಿಪುಡಿಯ ಡಬ್ಬಿ ಒಯ್ಯುವ ತಾಯಿ, ಎಲ್ಲರಿಗೂ ಅದೇ ರೈಲು. ಸಿರುಗುಪ್ಪದವರು ಸುಮಾರು 55 ಕಿಲೊಮೀಟರ್ ಬಸ್ಸಿನಲ್ಲಿ ಬಂದು ಇದನ್ನು ಹಿಡಿಯುತ್ತಾರೆ. ಆ ಪಟ್ಟಣಕ್ಕೆ ರೈಲು ಹಳಿ ಇನ್ನೂ ಬಂದಿಲ್ಲ.

ಇಂದು ಇದಕ್ಕೆ ಪರ್ಯಾಯಗಳಿಲ್ಲ ಎನ್ನುವಂತಿಲ್ಲ. ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎ ಇದೆ. ಹವಾನಿಯಂತ್ರಿತ ಸ್ಲೀಪರ್ ಬಸ್ಸುಗಳಿವೆ. ಬೇರೆ ರೈಲುಗಳೂ ಇವೆ. ಆದರೂ ಹಿರಿಯರು ‘ಹಂಪಿಗೆ ಸೀಟು ಸಿಗಲಿಲ್ಲ’ ಎಂದು ಒಂದು ದಿನ ಪ್ರಯಾಣವನ್ನೇ ಮುಂದೂಡುವುದುಂಟು. ನಿದ್ದೆ ಹತ್ತುವುದು ಯಾವ ನಿಲ್ದಾಣದ ನಂತರ, ಎಚ್ಚರವಾಗಬೇಕಾದದ್ದು ಯಾವ ಊರಿನ ದೀಪ ಕಂಡಾಗ ಎಂಬುದು ಅವರ ಮೈಗೆ ಗೊತ್ತು. ಈ ತಿಳಿವಳಿಕೆ ಹತ್ತಿಪ್ಪತ್ತು ವರ್ಷಗಳ ಉಳಿತಾಯ. ವಾಹನ ಬದಲಿಸಿದರೆ ಅದು ಒಂದೇ ರಾತ್ರಿಯಲ್ಲಿ ಖರ್ಚಾಗಿಬಿಡುತ್ತದೆ.

ಈ ನಂಬಿಕೆಗೆ ಪೆಟ್ಟು ಬೀಳದೆಯೂ ಇಲ್ಲ. 2012ರ ಮೇ 22ರ ನಸುಕಿನಲ್ಲಿ ಬೆಂಗಳೂರಿನತ್ತ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಸರಕು ಸಾಗಣೆ ರೈಲಿಗೆ ಅಪ್ಪಳಿಸಿತು. ಬೋಗಿಗೆ ಬೆಂಕಿ ಹತ್ತಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಸುದ್ದಿ ಕೇಳಿ ಇಡೀ ಉತ್ತರ ಕರ್ನಾಟಕ ತಲ್ಲಣಿಸಿತು. ಪ್ರತಿ ಊರಿನಲ್ಲೂ ‘ನಮ್ಮವರು ಯಾರಾದರೂ ಇದ್ದರೇ’ ಎಂಬ ಪ್ರಶ್ನೆ. ಅದರ ನಂತರವೂ ರೈಲು ಅದೇ ಹೆಸರಿನಲ್ಲಿ, ಅದೇ ದಾರಿಯಲ್ಲಿ ಓಡಿತು. ಜನ ಮತ್ತೆ ಹತ್ತಿದರು. ಇದನ್ನು ಧೈರ್ಯವೆನ್ನಬೇಕೋ ಮರೆವೆನ್ನಬೇಕೋ? ಎರಡೂ ಪೂರ್ತಿ ಸರಿಯಲ್ಲ. ನಂಬಿಕೆ ಎಂಬುದು ಅಪಾಯವೇ ಇಲ್ಲವೆಂಬ ಲೆಕ್ಕಾಚಾರದಿಂದ ಹುಟ್ಟಿರುವುದಿಲ್ಲ. ಆದ್ದರಿಂದಲೇ ಅಂಥ ನಂಬಿಕೆಯನ್ನು ಪಡೆದ ಸಂಸ್ಥೆಯ ಹೊಣೆ ಇಮ್ಮಡಿಯಾಗುತ್ತದೆ. ಕಣ್ಣುಮುಚ್ಚಿ ಮಲಗುವವನ ಪಾಲಿಗೆ ಎಚ್ಚರವಾಗಿರಬೇಕಾದವರು ಬೇರೆಯವರು.

ಇದೇ ಸಂಬಂಧದ ಹಳೆಯ ರೂಪ ತುಂಗಭದ್ರೆಯ ಮೇಲೆ ತೇಲುತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ದಾಖಲಿಸಿದ್ದಾನೆ. ಒಳಗೆ ಹೆಣೆದ ಹಂದರ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನರನ್ನು ಹೊರುವ ಶಕ್ತಿ. ಅದೇ ನಮ್ಮ ಹರಿಗೋಲು. ಸಿರುಗುಪ್ಪದ ಬಳಿಯ ಕೆಂಚನಗುಡ್ಡದ ಕಡೆಯ ಹಿರಿಯರಿಗೆ ಹೊಳೆಯ ಆಚೆಗೆ ನೆಂಟಸ್ತನವೂ ಇತ್ತು, ದುಡಿಮೆಯೂ ಇತ್ತು. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ; ಅದನ್ನು ನೆಟ್ಟಗೆ ನಡೆಸುವುದು ಅಂಬಿಗನ ಕೈಚಳಕವೊಂದೇ. ಹೀಗಾಗಿ ಹೊಳೆ ತುಂಬಿದ ದಿನ ಜನ ಕೇಳುತ್ತಿದ್ದದ್ದು ಹರಿಗೋಲು ಯಾವುದು ಎಂದಲ್ಲ, ಹುಟ್ಟು ಹಾಕುವವರು ಯಾರು ಎಂದು. ವಾಹನದ ಮೇಲಿನ ಪ್ರೀತಿ ಎಂದು ನಾವು ಕರೆಯುವುದು ಬಹುಪಾಲು ಅದನ್ನು ನಡೆಸುವವರ ಮೇಲಿನ ಭರವಸೆಯೇ ಆಗಿರುತ್ತದೆ.

ಆ ಭರವಸೆಯ ಇಂದಿನ ರೂಪ ‘ವಸ್ತಿ ಬಸ್ಸು’. ಸಂಜೆ ಪಟ್ಟಣದಿಂದ ಹೊರಟು, ಕೊನೆಯ ಹಳ್ಳಿಯಲ್ಲಿ ರಾತ್ರಿ ತಂಗಿ, ಬೆಳಗಿನ ಜಾವ ಜನರನ್ನು ತುಂಬಿಕೊಂಡು ಮರಳುವ ಸರ್ಕಾರಿ ಬಸ್ಸಿಗೆ ಈ ಹೆಸರು. ಚಾಲಕ, ನಿರ್ವಾಹಕರು ಊರಿನಲ್ಲೇ ಮಲಗುತ್ತಾರೆ. ಗುಡಿಯ ಕಟ್ಟೆಯ ಮಾತಿನಲ್ಲಿ ಪಾಲುದಾರರಾಗುತ್ತಾರೆ. ಕುರುಗೋಡು ಮತ್ತು ಸಿರುಗುಪ್ಪ ಸೀಮೆಯ ಹಳ್ಳಿಗಳಲ್ಲಿ ದಿನದ ಗಡಿಯಾರ ಈ ಬಸ್ಸಿನ ಹಾರ್ನ್‌ನಿಂದ ಆರಂಭವಾಗುತ್ತದೆ. ಕಾಲೇಜಿಗೆ ಹೋಗುವ ಹುಡುಗಿ, ಎಪಿಎಂಸಿಗೆ ಮೆಣಸಿನಕಾಯಿ ಒಯ್ಯುವ ರೈತ, ಜಿಲ್ಲಾಸ್ಪತ್ರೆಗೆ ಹೊರಟ ಬಸುರಿ ಅದನ್ನು ನೆಚ್ಚಿದ್ದಾರೆ. ಮಗನಿಗೆ ಬುತ್ತಿ ತಲುಪಿಸಲು, ಮೋಟರಿನ ಬಿಡಿಭಾಗ ತರಿಸಲು, ಮರೆತ ಹಾಲ್ ಟಿಕೆಟ್ ಕಳಿಸಲು ಅಂಚೆಗಿಂತ ಬೇಗ ಒದಗುವವನು ಪರಿಚಯದ ನಿರ್ವಾಹಕ. ‘ಆ ಅಜ್ಜಿ ಇನ್ನೂ ಬಂದಿಲ್ಲ, ಎರಡು ನಿಮಿಷ ತಡಿ’ ಎಂಬ ಮಾತು ಯಾವ ವೇಳಾಪಟ್ಟಿಯಲ್ಲೂ ಅಚ್ಚಾಗಿರುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಟಿಕೆಟ್ ಹಣದ ಚಿಂತೆ ತಪ್ಪಿದ ಮೇಲೆ ಮರಳಿ ಮರಳಿ ಪ್ರಯಾಣ ಮಾಡುವವರ ಈ ಬಳಗಕ್ಕೆ ಹೊಸಬರೂ ಸೇರಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಹಾರ ನೌಕೆಯ ಪ್ರಯಾಣಿಕ ಮರಳಿ ಬರುವುದು ಆಯ್ಕೆಯಿಂದ. ಹಳ್ಳಿಯ ಪ್ರಯಾಣಿಕ ಮರಳಿ ಬರುವುದು ಬಹಳ ಸಲ ಗತಿಯಿಲ್ಲದೆ. ಇದ್ದೊಂದು ಬಸ್ಸಿಗೆ ನೂರು ಜನ ನೇತಾಡಿದರೆ ಅದು ಒಲವಿನ ಕುರುಹಲ್ಲ. ಬಸ್ಸು ತುಂಬಿದೆ, ಆದ್ದರಿಂದ ಜನ ತೃಪ್ತರಾಗಿದ್ದಾರೆ ಎಂಬ ತೀರ್ಮಾನಕ್ಕೆ ಬರುವ ಅಧಿಕಾರಿ ಬೋನಿನ ಹಕ್ಕಿಯನ್ನು ತೋರಿಸಿ ‘ನೋಡಿ, ಹಾರಿಹೋಗಲಿಲ್ಲ’ ಎಂದಂತೆ. ಒಲವನ್ನೂ ಅನಿವಾರ್ಯವನ್ನೂ ಬೇರ್ಪಡಿಸುವ ಪರೀಕ್ಷೆ ಒಂದೇ: ಇನ್ನೊಂದು ದಾರಿ ತೆರೆದ ಮೇಲೂ ಜನ ಬರುತ್ತಾರೆಯೇ? ಹಂಪಿ ಎಕ್ಸ್‌ಪ್ರೆಸ್ ಈ ಪರೀಕ್ಷೆಯಲ್ಲಿ ಗೆದ್ದಿದೆ. ವಸ್ತಿ ಬಸ್ಸಿಗೆ ಆ ಪರೀಕ್ಷೆಯನ್ನು ಒಡ್ಡುವ ಭಾಗ್ಯ ಅನೇಕ ಹಳ್ಳಿಗಳಿಗೆ ಇನ್ನೂ ಬಂದಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಕಂತಿನ ಮೇಲೆ ಬೈಕು ಕೊಳ್ಳುವ ತರುಣ ಒಂದು ರೀತಿಯಲ್ಲಿ ತನ್ನ ತೀರ್ಪು ಕೊಟ್ಟೇ ಬಿಟ್ಟಿದ್ದಾನೆ.

ಆದ್ದರಿಂದ ನಮ್ಮ ಸಾರಿಗೆ ಸಂಸ್ಥೆಗಳು ಹಡಗು ಕಂಪನಿಗಳಿಂದ ಕಲಿಯಬೇಕಾದದ್ದು ವಜ್ರ, ಪಚ್ಚೆಗಳ ದರ್ಜೆಯನ್ನಲ್ಲ. ಕಲಿಯಬೇಕಾದದ್ದು ಎರಡೇ ಸಂಗತಿ: ವೇಳೆಯ ಸ್ಥಿರತೆ ಮತ್ತು ಮುಖದ ಪರಿಚಯ. ಬಸ್ಸಿನ ವೇಳೆಯನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡುವುದು ಡಿಪೊದಲ್ಲಿ ಕುಳಿತವರಿಗೆ ಒಂದು ಗೀಟಿನ ತಿದ್ದುಪಡಿ. ಆದರೆ ಅದರಿಂದ ಒಬ್ಬ ವಿದ್ಯಾರ್ಥಿನಿಗೆ ದಿನವೂ ಮೊದಲ ಪೀರಿಯಡ್ ತಪ್ಪಬಹುದು, ಅವಳ ಓದನ್ನೇ ಮನೆಯವರು ನಿಲ್ಲಿಸಬಹುದು. ಬದಲಾವಣೆಗೆ ಮುನ್ನ ಆ ಬಸ್ಸಿನಲ್ಲಿ ನಿತ್ಯ ಬರುವವರನ್ನು ಒಂದು ಮಾತು ಕೇಳಿದರೆ, ಹಳ್ಳಿಯ ಪಂಚಾಯಿತಿ ಕಚೇರಿಯಲ್ಲಿ ಒಂದು ಚೀಟಿ ಅಂಟಿಸಿದರೆ ಬೊಕ್ಕಸಕ್ಕೆ ನಷ್ಟವಿಲ್ಲ. ಸಿಬ್ಬಂದಿಯನ್ನು ಮಾರ್ಗದಿಂದ ಮಾರ್ಗಕ್ಕೆ ಬದಲಿಸುವುದಕ್ಕೂ ಕಾರಣಗಳಿರುತ್ತವೆ. ಕಷ್ಟದ ಮಾರ್ಗ ಒಬ್ಬರ ಪಾಲಿಗೇ ಉಳಿಯಬಾರದು, ಸಲುಗೆ ಟಿಕೆಟ್ ಹಣದ ಸೋರಿಕೆಗೆ ದಾರಿಯಾಗಬಾರದು ಎಂಬುದು ನ್ಯಾಯವೇ. ಆದರೆ ಊರು ಮೆಚ್ಚಿದ, ತಾನೂ ಅಲ್ಲಿರಲು ಬಯಸುವ ಚಾಲಕನನ್ನು ಕೆಲವು ವರ್ಷವಾದರೂ ಉಳಿಸಿಕೊಳ್ಳುವುದು ನಿಯಮಕ್ಕೆ ನಿಲುಕದ ಕೆಲಸವೇನಲ್ಲ. ವಸ್ತಿಗೆ ಬಂದ ಸಿಬ್ಬಂದಿಗೆ ಮಲಗಲು ಒಂದು ಕೋಣೆ, ಒಂದು ಶೌಚಾಲಯ ಒದಗಿಸುವ ಹೊಣೆಯನ್ನು ಊರೂ ಹೊರಬೇಕು. ಒಲವು ಒಂದೇ ಕಡೆಯಿಂದ ಹರಿದರೆ ಬತ್ತುತ್ತದೆ.

ಹೊಸತನ್ನು ಕೊಂಡಾಡುವ ಈ ಕಾಲದಲ್ಲಿ ಹಳೆಯದಕ್ಕೆ ಮರಳುವವರನ್ನು ಸಾಹಸವಿಲ್ಲದವರು ಎಂದು ಹೀಗಳೆಯುವುದು ಸುಲಭ. ಆದರೆ ಅವರೇ ಒಂದು ಸೇವೆಯ ನಿಜವಾದ ಪರೀಕ್ಷಕರು. ಮೊದಲ ಸಲ ಬಂದವನಿಗೆ ಬಣ್ಣ ಕಾಣುತ್ತದೆ. ಐವತ್ತನೆಯ ಸಲ ಬಂದವನಿಗೆ ಬಿರುಕು ಕಾಣುತ್ತದೆ. ಬಿರುಕು ಕಂಡೂ ಬರುವವನ ಮಾತಿಗೆ ಕಿವಿಗೊಡದ ಸಂಸ್ಥೆ ತನ್ನ ಅತ್ಯಂತ ಅಗ್ಗದ, ಅತ್ಯಂತ ಪ್ರಾಮಾಣಿಕ ಸಲಹೆಗಾರನನ್ನು ಕಳೆದುಕೊಳ್ಳುತ್ತದೆ.

‘ಕ್ವೀನ್ ಎಲಿಜಬೆತ್ 2’ ಈಗ ದುಬೈಯಲ್ಲಿ ಲಂಗರು ಹಾಕಿ ನಿಂತಿದೆ. 2018ರಿಂದ ಅದೊಂದು ಹೋಟೆಲು. ಒಡಲು ಹಾಗೆಯೇ ಇದೆ, ಯಾನ ಮಾತ್ರ ಇಲ್ಲ. ಹಣವಂತರ ಹಡಗಿಗೆ ಅಂಥ ಗೌರವದ ವಿಶ್ರಾಂತಿಯಾದರೂ ಉಂಟು. ಒಂದು ಹಳ್ಳಿಯ ವಸ್ತಿ ಬಸ್ಸು ನಿಂತುಹೋದರೆ ಅದನ್ನು ಯಾರೂ ಸ್ಮಾರಕವಾಗಿ ಉಳಿಸುವುದಿಲ್ಲ. ಅದರೊಂದಿಗೆ ನಿಲ್ಲುವುದು ಒಂದು ಹುಡುಗಿಯ ಕಾಲೇಜು, ಒಬ್ಬ ರೋಗಿಯ ಔಷಧ, ಒಬ್ಬ ರೈತನ ಸಂತೆ. ಅದು ನಿಲ್ಲದಂತೆ, ವೇಳೆಗೆ ಸರಿಯಾಗಿ ಬರುವಂತೆ ನೋಡಿಕೊಳ್ಳುವುದೇ ಮರಳಿ ಬರುವ ಜನರಿಗೆ ಸಲ್ಲಬೇಕಾದ ಮರ್ಯಾದೆ.