ಸೈಕಲ್ಲಿಗೂ ರಸ್ತೆಯಲ್ಲಿ ಪಾಲುಂಟು

ಮೆಣಸಿನಕಾಯಿಯ ಆವಕ ಹೆಚ್ಚುವ ತಿಂಗಳುಗಳಲ್ಲಿ, ಮಾರುಕಟ್ಟೆ ನಡೆಯುವ ಸೋಮವಾರ ಅಥವಾ ಗುರುವಾರದಂದು, ಬ್ಯಾಡಗಿಯ ಮುಖ್ಯರಸ್ತೆಯಲ್ಲಿ ಅರ್ಧ ತಾಸು ನಿಂತು ನೋಡಿದವರಿಗೆ ಈ ಲೇಖನದ ಅಗತ್ಯವೇ ಬೀಳದು. ಲಾರಿ, ಟ್ರ್ಯಾಕ್ಟರ್, ಬಸ್ಸುಗಳ ನಡುವಿನ ಸಂದಿಯಲ್ಲಿ, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡ ಬಾಲಕನೊಬ್ಬ ಸೈಕಲ್ ತುಳಿಯುತ್ತಿರುತ್ತಾನೆ. ಹಿಂದಿನ ವಾಹನದ ಹಾರ್ನ್ ಅವನಿಗೆ ಕೇಳಿಸುತ್ತದೆ. ಆದರೆ ಸರಿಯಲು ಜಾಗವಿಲ್ಲ. ಎಡಕ್ಕೆ ನಿಂತ ವಾಹನ, ಬಲಕ್ಕೆ ಓಡುವ ವಾಹನ.

ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿತು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತಾದರೂ, ಅದು ನಡೆದಷ್ಟು ವರ್ಷ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಸೈಕಲ್ ಕೊಟ್ಟೆವು, ಅದನ್ನು ತುಳಿಯಲು ರಸ್ತೆಯಲ್ಲಿ ಎರಡು ಮೊಳ ಜಾಗ ಕೊಡಲಿಲ್ಲ. ನಮ್ಮ ಹಾವೇರಿ, ರಾಣೆಬೆನ್ನೂರುಗಳಲ್ಲಿ ಇಂದು ಸೈಕಲ್ ತುಳಿಯುವವರು ಶಾಲೆಯ ಮಕ್ಕಳು, ಕೂಲಿಗೆ ಹೋಗುವವರು, ವಯಸ್ಸಾದವರು. ಇವರ ಪರವಾಗಿ ಮಾತನಾಡುವವರು ಕಡಿಮೆ.

ಸೆಮಿನರಿಯಲ್ಲಿ ಅರಿಸ್ಟಾಟಲನ ನ್ಯಾಯವಿಚಾರವನ್ನು ಓದುವಾಗ ಅದು ನನಗೆ ಒಣ ಪಾಠವೆನಿಸಿತ್ತು. ಪ್ರಮಾಣವನ್ನರಿತು ಹಂಚುವುದೇ ನ್ಯಾಯವೆಂಬ ಅವನ ವಾದ ನನಗೆ ಮನವರಿಕೆಯಾದದ್ದು ರಸ್ತೆಯ ಮೇಲೆ. ಸೈಕಲ್ಲಿನ ತೂಕ ಇಪ್ಪತ್ತು ಕಿಲೋ. ಸರಕು ಹೇರಿದ ಲಾರಿಯದು ಹತ್ತಾರು ಟನ್ನು. ವೇಗ ಇಮ್ಮಡಿಯಾದರೆ ಆಘಾತದ ಶಕ್ತಿ ನಾಲ್ಮಡಿಯಾಗುತ್ತದೆ. ಇಬ್ಬರೂ ತಪ್ಪು ಮಾಡಬಹುದು. ಸಾಯುವವನು ಮಾತ್ರ ಒಬ್ಬನೇ. ಆದುದರಿಂದ ಹೊಣೆಯೂ ಸಮಪಾಲಿನದಾಗಿರಲಾರದು. 2007ರಲ್ಲಿ ವ್ಯಾಟಿಕನ್ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಪ್ರಕಟಿಸಿದಾಗ, ರಸ್ತೆಯಲ್ಲಿ ದುರ್ಬಲನನ್ನು ರಕ್ಷಿಸಬೇಕೆಂಬುದನ್ನೂ ಅವುಗಳಲ್ಲಿ ಸೇರಿಸಿತು. ವೇಗದ ಮೋಹದಿಂದ ಪರರ ಪ್ರಾಣಕ್ಕೆ ಅಪಾಯ ತರುವುದು ಘೋರ ಅಪರಾಧವೆಂದು ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಪಾಪನಿವೇದನೆಗೆ ಸಿದ್ಧರಾಗುವಾಗ ಇದನ್ನು ನೆನೆಯುವವರು ನಮ್ಮಲ್ಲಿ ಎಷ್ಟು ಮಂದಿ? (ನಾನೂ ಬೈಕ್ ಓಡಿಸುವವನೇ. ಹಳ್ಳಿಯ ಪೂಜೆಗೆ ತಡವಾದ ದಿನ ಈ ಪ್ರಶ್ನೆ ನನ್ನನ್ನೂ ಕೇಳುತ್ತದೆ.)

ಅಪಾಯ ಬರುವುದು ಓಡುವ ವಾಹನದಿಂದ ಮಾತ್ರವಲ್ಲ. 2024ರ ಜೂನ್ 28ರ ನಸುಕಿನಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನವೊಂದು ಹಿಂದಿನಿಂದ ಅಪ್ಪಳಿಸಿ, ಭದ್ರಾವತಿ ಕಡೆಯ 13 ಮಂದಿ ಪ್ರಾಣ ಕಳೆದುಕೊಂಡರು. ಹಾಗೆ ಅಂಚಿನಲ್ಲಿ ನಿಂತ ಲಾರಿಯೇ ಸೈಕಲ್ ಸವಾರನನ್ನು ರಸ್ತೆಯ ನಡುವಿಗೆ ನೂಕುತ್ತದೆ. ಐದು ನಿಮಿಷದ ಚಹಾಕ್ಕೆಂದು ವಾಹನ ನಿಲ್ಲಿಸುವವರು ಇದನ್ನು ಯೋಚಿಸುವುದಿಲ್ಲ.

ಸೈಕಲ್ಲನ್ನು ದಾಟುವಾಗ ನಡುವೆ ಒಂದೂವರೆ ಮೀಟರಿನಷ್ಟಾದರೂ ಅಂತರವಿರಲಿ. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ನಿಧಾನವಾಗಿ ಬನ್ನಿ. ಕಾರಿನ ಬಾಗಿಲು ತೆರೆಯುವ ಮುನ್ನ ಹಿಂದಿರುಗಿ ನೋಡಿ. ಸೈಕಲ್ ತುಳಿಯುವ ಮಕ್ಕಳಿಗೂ ತಂದೆತಾಯಿಗಳು ಹೇಳಬೇಕಾದದ್ದುಂಟು: ಹತ್ತಿರದ ದಾರಿಯೆಂದು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರಬಾರದು, ಮೂವರು ಸಾಲಾಗಿ ಹರಟುತ್ತ ಸಾಗಬಾರದು. ಕತ್ತಲಾದ ಮೇಲೆ ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರ್ ಒಂದೇ ಅವರ ಸಾಕ್ಷಿ. ಬಹಳ ಸೈಕಲ್ಲುಗಳಲ್ಲಿ ಅದು ಒಡೆದಿರುತ್ತದೆ, ಇಲ್ಲವೇ ಕೆಸರು ಮೆತ್ತಿರುತ್ತದೆ.

ಬರುವ ಭಾನುವಾರ ಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಯುವಕರ ಗುಂಪೊಂದು ಒಪ್ಪಿದೆ. ನೆರೆಮನೆಯ ಮಕ್ಕಳನ್ನೂ ಅವರ ಸೈಕಲ್ಲುಗಳೊಂದಿಗೆ ಕರೆತನ್ನಿ. ಅವರು ಯಾವ ಮತದವರೆಂದು ಯಾರೂ ಕೇಳುವುದಿಲ್ಲ.