ಅಪ್ಪನ ಫಿಯೆಟ್ಟಿಗೆ ಮೂರನೆಯ ಕೆಂದೀಪ

ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಕೊನೆಯ ನಮಸ್ಕಾರ ಹೇಳಿ ಮರೆಯಾದುವು. ಆ ಪದ್ಮಿನಿಯ ಹಿರಿಯಕ್ಕ ಇನ್ನೂ ನಮ್ಮ ಮನೆಯಲ್ಲಿದ್ದಾಳೆ. ಕುರ್ಲಾದ ಪ್ರೀಮಿಯರ್ ಕಾರಖಾನೆಯಲ್ಲಿ ಸಿದ್ಧವಾದ 1968ರ ಫಿಯೆಟ್ 1100 ಅದು. ನಮ್ಮ ತಂದೆಯವರು ಹೆಸರು ನೋಂದಾಯಿಸಿ, ವರ್ಷಗಟ್ಟಲೆ ಕಾದು ತಂದ ಗಾಡಿ. ಧಾರವಾಡಕ್ಕೆ ಹೊರಡುವ ಮುನ್ನ ಅವರು ಬ್ರೇಕು ತುಳಿದು ಕುಳಿತುಕೊಳ್ಳುವರು; ಮಕ್ಕಳಾದ ನಾವು ಗಾಡಿಯ ಹಿಂದೆ ನಿಂತು, ‘ಹತ್ತಿತು!’ ಎಂದು ಕೂಗಬೇಕು. ಆಮೇಲೆಯೇ ಪ್ರಯಾಣ.

ಅವರು ಹೋದ ಮೇಲೆ ಗಾಡಿಯನ್ನು ಉಳಿಸಿಕೊಂಡೆವು, ಆ ಪದ್ಧತಿಯನ್ನು ಬಿಟ್ಟೆವು. ಅದರ ಬೆಲೆ ತಿಳಿದದ್ದು ಒಂದು ದೀಪಾವಳಿಯ ಸಮಯದಲ್ಲಿ.

ಪುಣೆ ದಾಟಿ ಖಂಬಾಟ್ಕಿ ಘಾಟನ್ನು ಏರುತ್ತಿದ್ದೆವು. ಕತ್ತಲಾಗಿತ್ತು. ಹಿಂದಿನ ಆಸನದಲ್ಲಿ ಮೊಮ್ಮಕ್ಕಳಿಬ್ಬರು ನಿದ್ರೆ ಹೋಗಿದ್ದರು. ಮುಂದಿನ ಲಾರಿ ತಟ್ಟನೆ ನಿಂತಿತು; ನಾವೂ ನಿಂತೆವು. ಬೆನ್ನ ಹಿಂದೆ ಟೈರುಗಳು ಕಿರ್ರೆಂದು ಕೂಗಿದುವು. ಇನ್ನೊಂದು ಲಾರಿ ನಮ್ಮಿಂದ ಎರಡು ಮೊಳ ದೂರದಲ್ಲಿ ನಿಂತಿತ್ತು! ಅದರ ಚಾಲಕ ಇಳಿದು ಬಂದು, ‘ನಿಮ್ಮ ಗಾಡಿಗೆ ಬ್ರೇಕಿನ ದೀಪವೇ ಇಲ್ಲವೇ?’ ಎಂದು ಗದರಿಸಿದ. ನಮಗೂ ಸಿಟ್ಟು ಬಂತು. ಇಳಿದು ನೋಡಿದರೆ, ದೀಪ ಹತ್ತಿತ್ತು. ಆದರೆ ಎಣ್ಣೆ ತೀರಿದ ಹಣತೆಯಂತಿತ್ತು. ತಪ್ಪು ನಮ್ಮದೇ.

ಊರಿನಿಂದ ಮರಳಿದ ಮೇಲೆ ಮನೆಯಲ್ಲಿ ಚರ್ಚೆ ನಡೆಯಿತು. ‘ಹೊಸ ದೀಪ ಹಾಕಿಸೋಣ’ ಎಂದು ಕಿರಿಯರೆಂದರು. ‘ಅಪ್ಪನ ಗಾಡಿಗೆ ತೂತು ಕೊರೆಯಲು ನಾನು ಬಿಡೆನು’ ಎಂದು ಅಣ್ಣ ಹಟ ಹಿಡಿದ. ಇಬ್ಬರ ಮಾತೂ ನ್ಯಾಯವೇ. ಕಡೆಗೆ ಒಂದು ಒಪ್ಪಂದವಾಯಿತು: ಗಾಡಿಯ ಮೈಗೆ ಗಾಯವಾಗಕೂಡದು, ಹಾಕಿದ್ದನ್ನು ಬೇಕೆಂದಾಗ ತೆಗೆಯುವಂತಿರಬೇಕು.

ಮೊದಲು ಹಳೆಯ ದೀಪ ಮಂಕಾದ ಕಾರಣ ಹುಡುಕಿದೆವು. ದೀಪದ ಒಳಗಿನ ಹೊಳಪು ಮಾಸಿತ್ತು. ‘ಅರ್ಥ್’ ತಂತಿ ಕೂಡುವಲ್ಲಿ ತುಕ್ಕು ಹಿಡಿದಿತ್ತು. ತುಕ್ಕು ಹಿಡಿದಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ಹಳೆಯ ಬಲ್ಬಿನ ಗುಣವೇನೆಂದರೆ, ವೋಲ್ಟೇಜು ಹತ್ತರಲ್ಲಿ ಒಂದು ಪಾಲು ತಗ್ಗಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ತಗ್ಗುತ್ತದೆ. ಮರಳು ಕಾಗದದಿಂದ ಉಜ್ಜಿ, ಹೊಸ ತಂತಿ ಕಟ್ಟಿದಾಗ ಹಳೆಯ ಬಲ್ಬೇ ಬೇರೆ ಬಲ್ಬಿನಂತೆ ಉರಿಯಿತು. ಈ ಕೆಲಸಕ್ಕೆ ಹೆಚ್ಚು ಹಣ ಬೇಡ. ಹೊಸದನ್ನು ಕೊಳ್ಳುವ ಮುನ್ನ ಎಲ್ಲರೂ ಇದನ್ನು ಮಾಡುವುದು ಮೇಲು.

ಬಲ್ಬಿಗೆ ಇನ್ನೊಂದು ಕೊರತೆಯೂ ಉಂಟು. ಅದರೊಳಗಿನ ತಂತಿ ಕಾದು ಪೂರ್ಣ ಬೆಳಗಲು ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಎಲ್.ಇ.ಡಿ. ದೀಪವಾದರೋ ಒತ್ತಿದ ಕ್ಷಣವೇ ಹತ್ತುತ್ತದೆ. ಐದನೆಯ ಒಂದು ಭಾಗವೆಂದರೆ ಏನು ಮಹಾ ಎನ್ನಬಹುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವ ಲಾರಿ ಅಷ್ಟರಲ್ಲಿ ಮೂರು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಘಾಟಿನಲ್ಲಿ ನಮ್ಮನ್ನು ಉಳಿಸಿದ ಅಂತರ ಅದಕ್ಕಿಂತ ಕಡಿಮೆ!

ಇನ್ನು ಮೂರನೆಯ ಕೆಂದೀಪದ ಮಾತು. ಈಗಿನ ಕಾರುಗಳಲ್ಲಿ ಹಿಂದಿನ ಗಾಜಿನ ನಡುವೆ ಕಾಣುವ ದೀಪ ಅದು. ಅದರ ಕಥೆಗೂ ಟ್ಯಾಕ್ಸಿಗೂ ನಂಟಿರುವುದು ಸೋಜಿಗ. ಜಾನ್ ವೊಯೆವೋಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದ 343 ಟ್ಯಾಕ್ಸಿಗಳ ಹಿಂಭಾಗದ ನಡುವೆ ಒಂದು ಎಚ್ಚರಿಕೆ ದೀಪವಿಟ್ಟು ನೋಡಿದರು. 1974ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಿಂದಿನಿಂದ ಡಿಕ್ಕಿ ಹೊಡೆಯುವ ಅಪಘಾತಗಳು ಶೇಕಡಾ 60ರಷ್ಟು ಇಳಿದುವು. 1986ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ನಡುದೀಪ ಕಡ್ಡಾಯವಾಯಿತು. ಅದು ಎಲ್ಲೆಡೆ ಸಾಮಾನ್ಯವಾದ ಮೇಲೆ, 1998ರ ಸರಕಾರಿ ವರದಿ ಲೆಕ್ಕ ಹಾಕಿದ ಲಾಭ ಶೇಕಡಾ 4.3 ಮಾತ್ರ. ಅಲ್ಪವೆಂದು ತಳ್ಳಿಹಾಕುವಂತಿಲ್ಲ, ಒಂದು ಸಣ್ಣ ದೀಪದಿಂದ ಇಷ್ಟಾದರೂ ಆಗುವುದಾದರೆ ಬೇಡವೆನ್ನಲು ಕಾರಣವೇನು?

ನಾವು ಎಲ್.ಇ.ಡಿ. ಪಟ್ಟಿಯೊಂದನ್ನು ತಂದು ಹಿಂದಿನ ಗಾಜಿನ ಒಳಗೆ, ಹಲಗೆಯ ಮೇಲೆ ನಿಲ್ಲಿಸಿದೆವು. ಬ್ರೇಕಿನ ದೀಪಕ್ಕೆ ಹೋಗುವ ತಂತಿಯಿಂದ ಒಂದು ಕವಲು, ಅದಕ್ಕೊಂದು ಫ್ಯೂಸು, ಅಷ್ಟೇ. ಹಳೆಯ ಬ್ರೇಕಿನ ಬಲ್ಬು ಒಂದೊಂದೂ 21 ವ್ಯಾಟು ಕುಡಿದರೆ, ಈ ಪಟ್ಟಿಗೆ ಎರಡು ಮೂರು ವ್ಯಾಟು ಸಾಕು. ಮುದಿ ಡೈನಮೋಗೆ ಭಾರವಾಗದು. ಒಂದು ತೂತನ್ನೂ ಕೊರೆಯಲಿಲ್ಲ.

ಎಡವಿದ್ದೂ ಉಂಟು. ಉತ್ಸಾಹದಿಂದ ಇಂಡಿಕೇಟರಿನ ಬಲ್ಬುಗಳನ್ನೂ ಎಲ್.ಇ.ಡಿ.ಗೆ ಬದಲಿಸಿದೆವು. ದೀಪ ಹತ್ತಿತು, ಮಿನುಗಲೇ ಇಲ್ಲ! ಹಳೆಯ ಫ್ಲ್ಯಾಶರಿನೊಳಗಿನ ಲೋಹದ ಭಾಗ ವಿದ್ಯುತ್ತಿನಿಂದ ಕಾದು ಸಂಪರ್ಕ ಕಡಿಯುತ್ತದೆ, ತಣಿದು ಕೂಡಿಸುತ್ತದೆ, ಎಲ್.ಇ.ಡಿ.ಯ ಅಲ್ಪ ಪ್ರವಾಹಕ್ಕೆ ಅದು ಕಾಯದು. ಎಲೆಕ್ಟ್ರಾನಿಕ್ ಫ್ಲ್ಯಾಶರು ಹಾಕಿದ ಮೇಲೆ ಸರಿಹೋಯಿತು. ಕೆಂಪು ಗಾಜಿನ ಹಿಂದೆ ಬಿಳಿಯ ಎಲ್.ಇ.ಡಿ. ಇಟ್ಟರೆ ಮಂಕಾಗುತ್ತದೆ, ಕೆಂಪು ಗಾಜಿಗೆ ಕೆಂಪು, ಹಳದಿ ಗಾಜಿಗೆ ಹಳದಿಯೇ ಬೇಕು. ಕೆಲವು ಹಳೆಯ ಕಾರುಗಳು 6 ವೋಲ್ಟಿನವು, ಕೆಲವಕ್ಕೆ ಬ್ಯಾಟರಿಯ ಧನಾಗ್ರವೇ ‘ಅರ್ಥ್’. ಅಂಥವರು ಕೊಳ್ಳುವ ಮುನ್ನ ವಿಚಾರಿಸಬೇಕು.

ಮುಂದಿನ ದೀಪಗಳಿಗೆ ಮಾತ್ರ ಎಲ್.ಇ.ಡಿ. ಬಲ್ಬು ಹಾಕಲಿಲ್ಲ. ಅಲ್ಲಿಯ ಬೋಗುಣಿ ಹಳೆಯ ಬಲ್ಬಿನ ತಂತಿ ಇರುವ ಸ್ಥಾನಕ್ಕೆ ಹೊಂದುವಂತೆ ಮಾಡಿದ್ದು. ಬೇರೆ ಬಲ್ಬಿಟ್ಟರೆ ಬೆಳಕು ಚದರಿ ಎದುರಿನವನ ಕಣ್ಣು ಕುರುಡಾಗುತ್ತದೆ. ನಮ್ಮ ಸುರಕ್ಷತೆಗೆ ಪರರ ಕಣ್ಣು ಕುಕ್ಕುವುದು ಧರ್ಮವಲ್ಲ. ರಿಲೇ ಇಟ್ಟು, ದಪ್ಪ ತಂತಿಯಿಂದ ಬ್ಯಾಟರಿಯ ಶಕ್ತಿಯನ್ನು ನೇರವಾಗಿ ಕೊಟ್ಟೆವು. ಹಳೆಯ ಬಲ್ಬೇ ಚೆನ್ನಾಗಿ ಬೆಳಗಿತು.

ಕಾಯಿದೆಯನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ. 2021ರ ನಿಯಮಗಳಂತೆ 50 ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೂ ಅದರ ಮೂಲರೂಪ ಉಳಿದಿರಬೇಕು. ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ತೆಗೆದಿಡಬಹುದಾದ ದೀಪ ಈ ದೃಷ್ಟಿಯಿಂದಲೂ ಲೇಸು.

ಯುಗಾದಿಗೆ ಮತ್ತೆ ಊರಿಗೆ ಹೊರಟೆವು. ಅಣ್ಣ ಯಾರೂ ಹೇಳದೆಯೇ ಚಾಲಕನ ಆಸನದಲ್ಲಿ ಕುಳಿತು ಬ್ರೇಕು ತುಳಿದ. ಗಾಡಿಯ ಹಿಂದೆ ನಿಂತಿದ್ದ ಮೊಮ್ಮಕ್ಕಳು, ‘ಹತ್ತಿತು! ಮೂರೂ ಹತ್ತಿತು!’ ಎಂದು ಕೂಗಿದರು.

ನಿಮ್ಮ ಮನೆಯ ಗಾಡಿ ಹಳೆಯದಿರಲಿ, ಹೊಸದಿರಲಿ, ಊರಿಗೆ ಹೊರಡುವ ಮುನ್ನ ಒಬ್ಬರು ಹಿಂದೆ ನಿಂತು ನೋಡಿ. ಹಿಂದಿನ ದೀಪ ನಮಗೆ ದಾರಿ ತೋರಿಸುವುದಿಲ್ಲ, ನಿಜ. ನಾವು ದಾರಿಯಲ್ಲಿದ್ದೇವೆಂದು ಹಿಂದಿನವನಿಗೆ ತೋರಿಸುತ್ತದೆ.